ತಡೆದದ್ದೆಲ್ಲ ಹೀರಿದ್ದಲ್ಲ

ಮೈಕ್ರೋವೇವ್ ಅಲೆಗಳನ್ನು ತಡೆಯಲೆಂದು ಮಾಡಿ ಪರೀಕ್ಷೆಗೆ ಕಳಿಸುವ ಗ್ರಾಫೀನ್-ಪಾಲಿಮರ್ ಹಾಳೆಗಳ (ಒಂದೇ ಪರಮಾಣುವಿನ ದಪ್ಪದ ಇಂಗಾಲದ ಪದರಗಳನ್ನು ಪ್ಲಾಸ್ಟಿಕ್‌ನಂಥ ವಸ್ತುವಿಗೆ ಸೇರಿಸಿದ ಹಾಳೆಗಳು) ಜೊತೆ ಒಂದು ಮಾತೂ ತಪ್ಪದೆ ಬರುತ್ತದೆ. “ಸರ್, 20 ಡೆಸಿಬೆಲ್ ಇದೆ. 99% ಹೀರುತ್ತೆ.”

ಇಲ್ಲ. ಇಲ್ಲಿ ಡೆಸಿಬೆಲ್ ಎಂದರೆ ಹಾಳೆ ಎಷ್ಟು ತಡೆಯಿತು ಎಂಬುದರ ಅಳತೆ. 20 ಎಂದರೆ ಹಾಳೆ ದಾಟಿ ಆಚೆ ಹೋದದ್ದು 1% ಎಂದಷ್ಟೇ ಅರ್ಥ. ಉಳಿದ 99% ಒಳಗೆ ಶಾಖವಾಯಿತೋ, ಬಂದ ದಾರಿಯಲ್ಲೇ ವಾಪಸ್ ಹೋಯಿತೋ? ಆ ಅಂಕಿ ಅದನ್ನು ಹೇಳುವುದೇ ಇಲ್ಲ. ವಾಪಸ್ ಬಂದದ್ದನ್ನೂ ಅಳೆಯಬೇಕು. ನೂರರಲ್ಲಿ ದಾಟಿದ್ದು, ವಾಪಸ್ ಬಂದದ್ದು ಎರಡನ್ನೂ ಕಳೆದು ಉಳಿದರೆ ಅದು ಹೀರಿದ್ದು. ಪೆಟ್ಟಿಗೆಯೊಳಗಿನ ಒಂದು ಎಲೆಕ್ಟ್ರಾನಿಕ್ ಚಿಪ್‌ನಿಂದ ಹೊರಟ ಅಲೆ ಹಾಳೆಗೆ ಬಡಿದು ವಾಪಸ್ ಬಂದು ಪಕ್ಕದ ಚಿಪ್‌ಗೆ ತೊಂದರೆ ಕೊಟ್ಟರೆ ಹಾಳೆ ಹಾಕಿ ಏನು ಬಂತು?

ಲೆಕ್ಕ ಹಾಕಿಯೇ ನೋಡೋಣ. ಅಲೆಯ ಉದ್ದದ ಮುಂದೆ ತೀರಾ ತೆಳುವಾದ ಒಂದು ಹಾಳೆ, ಹಿಂದೆ ಲೋಹವಿಲ್ಲ, ಅಲೆ ನೇರವಾಗಿ ಬರುತ್ತಿದೆ ಎಂದುಕೊಳ್ಳಿ. ಗಾಳಿಯ ಇಂಪಿಡೆನ್ಸ್ (ಅಲೆಗೆ ಅದು ಒಡ್ಡುವ ತಡೆ ಎನ್ನಿ) ಸುಮಾರು 377 ಓಮ್. ಹಾಳೆಯ ರೋಧ (ಚದರ ತುಂಡೊಂದರ ಒಂದು ಅಂಚಿನಿಂದ ಎದುರಂಚಿಗೆ ಅಳೆದ ವಿದ್ಯುತ್ ತಡೆ) ಅದರ ಅರ್ಧ, ಅಂದರೆ ಸುಮಾರು 188 ಓಮ್ ಇದ್ದರೆ 25% ದಾಟುತ್ತದೆ, 25% ವಾಪಸ್ ಬರುತ್ತದೆ, 50% ಹೀರಿಕೆಯಾಗುತ್ತದೆ. ಇಂಥ ಹಾಳೆಯಿಂದ ಇದಕ್ಕಿಂತ ಜಾಸ್ತಿ ಸಾಧ್ಯವಿಲ್ಲ. ಈಗ ಗ್ರಾಫೀನ್ ತುಂಬಿ ತುಂಬಿ ರೋಧವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ. ದಾಟುವುದು 1%ಗಿಂತ ಕಡಿಮೆ. ವರದಿಯಲ್ಲಿ ಸುಮಾರು 21 ಡೆಸಿಬೆಲ್, ಎಲ್ಲರಿಗೂ ಖುಷಿ. ಆದರೆ ಸುಮಾರು 83% ವಾಪಸ್ ಬಂದಿದೆ! ಹೀರಿದ್ದು 16.5% ಮಾತ್ರ. ಗ್ರಾಫೀನ್ ಸುರಿದು ಹೀರಿಕೆಯನ್ನು ಮೂರನೇ ಒಂದಕ್ಕೆ ಇಳಿಸಿದ ಹಾಗಾಯಿತು.

ಇಷ್ಟು ಹೇಳಿದ ಮೇಲೂ ಕೆಲವರು ಗ್ರಾಫ್ ತೋರಿಸುತ್ತಾರೆ. ಆ 21 ಡೆಸಿಬೆಲ್ಲನ್ನು ಪ್ರತಿಫಲನದ ಪಾಲು 7.6, ಹೀರಿಕೆಯ ಪಾಲು 13.2 ಎಂದು ಒಡೆದು ಬರೆಯುವ ರೂಢಿ ಇದೆ. “ಹೀರಿಕೆಯೇ ದೊಡ್ಡದು, ಅಲ್ವಾ ಸರ್?” ಅಲ್ಲ. ಈ 13.2 ಲೆಕ್ಕಕ್ಕೆ ಹಿಡಿಯುವುದು ವಾಪಸ್ ಹೋಗದೆ ಒಳಗೆ ಹೊಕ್ಕ ಪಾಲನ್ನು ಮಾತ್ರ. ಹೊಕ್ಕಿದ್ದೇ ಸುಮಾರು 17%. ಅದರಲ್ಲಿ ಬಹುಪಾಲನ್ನು ಹಾಳೆ ಹೀರಿತು, ನಿಜ. ಬಾಗಿಲಲ್ಲೇ ತಿರುಗಿ ಹೋದ 83ರ ಮಾತು ಅಲ್ಲಿ ಇಲ್ಲವೇ ಇಲ್ಲ. ದಯವಿಟ್ಟು ಶೇಕಡಾವಾರು ಬರೆಯಿರಿ. ಡೆಸಿಬೆಲ್ ಪಾಲುಗಳನ್ನು ಹೋಲಿಸಿ “ಹೀರಿಕೆ ಪ್ರಧಾನ” ಎನ್ನಬೇಡಿ.

ಪದರಗಳಿಗೂ ಇದೇ ಲೆಕ್ಕ. ಒಂಟಿ ಗ್ರಾಫೀನ್ ಪದರಗಳ ನಡುವೆ ಮಿಲಿಮೀಟರಿಗಿಂತ ಎಷ್ಟೋ ತೆಳುವಾದ ಪಾಲಿಮರ್ ಇಟ್ಟು ಜೋಡಿಸಿದರೆ ಮೈಕ್ರೋವೇವ್ ಅಲೆಗೆ ಅವು ಸಮಾಂತರದಲ್ಲಿರುವ ರೋಧಗಳು, ಅಷ್ಟೆ. ಪದರಕ್ಕೆ 1000 ಓಮ್ ಎಂದರೆ ಐದಕ್ಕೆ 200. ಅಲ್ಲಿಗೆ ಶಿಖರ ಮುಟ್ಟಿದಂತೆಯೇ. ಹತ್ತು ಹಾಕಿದರೆ ಇಳಿಜಾರು. ಹೀರಿಕೆ 50% ಮೀರಬೇಕೆಂದರೆ ದಪ್ಪ ಬೇಕು: ಹಿಂದೆ ಲೋಹ, ಮುಂದೆ ಕಾಲು ಅಲೆಯಷ್ಟು ದೂರದಲ್ಲಿ 377 ಓಮ್‌ನ ಹಾಳೆ. 10 ಗಿಗಾಹರ್ಟ್ಸ್‌ಗೆ ಗಾಳಿಯಲ್ಲಿ ಆ ದೂರ 7.5 ಮಿಲಿಮೀಟರ್. ಇಲ್ಲವೇ ಗ್ರಾಫೀನ್ ಮುಂದೆ ಕಡಿಮೆ, ಹಿಂದೆ ಹೋದಂತೆ ಜಾಸ್ತಿ ಇರುವಂತೆ ಪದರ ಹಾಕಬೇಕು. ಆಗ ಅಲೆ ತಕ್ಷಣ ತಿರುಗದೆ ಒಳಗೆ ಹೋಗುತ್ತದೆ.

ಅಂಥದ್ದೊಂದು ಹಾಳೆ ಮಾಡಿದ್ದ ಸಂಶೋಧನಾ ವಿದ್ಯಾರ್ಥಿನಿ ತುಂಬಾ ಬೇಸರದಲ್ಲಿದ್ದಳು. ಬಂದದ್ದೆಲ್ಲ ವಾಪಸ್ ಹೋಗುತ್ತಿತ್ತು. “ಮಗುಚಿ ಹಾಕಮ್ಮ” ಎಂದೆ. ದಾಟಿದ ಗೆರೆ ಪರದೆಯ ಮೇಲೆ ಹಾಗೇ ಇತ್ತು. ವಾಪಸ್ ಬಂದ ಗೆರೆ ಮಾತ್ರ ಕೆಳಗಿಳಿಯಿತು. ಕೇಬಲ್ ಸಡಿಲವಾಯಿತೇನೋ ಎಂದು ಅವಳು ಎರಡೂ ಕಡೆ ಬಿಗಿ ಮಾಡಿದಳು. ಕೇಬಲ್ಲಿನದ್ದೇನೂ ತಪ್ಪಿರಲಿಲ್ಲ. ಇಂಥ ವಸ್ತುವಿನಲ್ಲಿ ದಾಟುವುದು ಎರಡೂ ಕಡೆಯಿಂದ ಒಂದೇ. ಪ್ರತಿಫಲನ ಮಾತ್ರ ಯಾವ ಮುಖ ಮೊದಲು ಸಿಕ್ಕಿತು ಎಂಬುದರ ಮೇಲೆ ನಿಂತಿದೆ. ಅಷ್ಟು ಚಂದದ ಕೆಲಸ ಮಾಡಿದ ಹುಡುಗಿ ಹಾಳೆಯನ್ನು ತಿರುಗಿಸಿ ಇಟ್ಟಿದ್ದಳು.

ಮೇಲಿನ ಅಂಕಿಗಳನ್ನು ಎಲ್ಲ ಕಡೆ ಹಾಗೇ ಹಚ್ಚಬೇಡಿ. ಅಲೆ ಓರೆಯಾಗಿ ಬಂದರೆ ಬದಲಾಗುತ್ತವೆ. ಎಕ್ಸ್ ಬ್ಯಾಂಡ್ (ಸುಮಾರು 8ರಿಂದ 12 ಗಿಗಾಹರ್ಟ್ಸ್) ವೇವ್‌ಗೈಡ್, ಅಂದರೆ ಅಲೆ ಸಾಗಿಸುವ ಲೋಹದ ಕೊಳವೆಯ ಒಳಗೆ 10 ಗಿಗಾಹರ್ಟ್ಸ್‌ನಲ್ಲಿ 377ರ ಜಾಗದಲ್ಲಿ ಸುಮಾರು 500 ಓಮ್ ಇರುತ್ತದೆ. ಹಾಳೆಯ ಅಂಚಿನಲ್ಲಿ ಕೂದಲೆಳೆ ಸಂದು ಉಳಿದರೂ ಅಳತೆ ಕೆಡಬಹುದು. ಮುಂದಿನ ಸಲ ಹಾಳೆ ಕಳಿಸುವಾಗ ಯಾವ ಮುಖ ಮುಂದೆ, ಹಿಂದೆ ಲೋಹ ಬರುತ್ತದೋ ಇಲ್ಲವೋ, ಇವೆರಡನ್ನು ಅದರ ಮೇಲೇ ಬರೆದು ಕಳಿಸಿ.