ನರದ ಕರೆಂಟಿಗೆ ಕಬ್ಬಿಣ ಬೇಡ, ಉಪ್ಪು ಬೇಕು

ಕಾರವಾರದ ಮಾರ್ಕೆಟ್ಟಿನಿಂದ ಬೊಂಡಾಸ್ (ಸ್ಕ್ವಿಡ್ ಎಂಬ ಕಡಲಜೀವಿ) ತಂದವರು ಅದನ್ನು ಹೇಗೆ ಸಾಫ್ ಮಾಡುತ್ತಾರೆ ಗೊತ್ತಲ್ವಾ? ತಲೆ ಹಿಡಿದು ಎಳೆಯುತ್ತಾರೆ. ಮಸಿಚೀಲ ಒಡೆಯದಂತೆ ತೆಗೆಯುತ್ತಾರೆ. ಒಳಗಿನ ಪ್ಲಾಸ್ಟಿಕ್ಕಿನಂಥ ಕಡ್ಡಿ ಬಿಸಾಕಿ, ಉಳಿದ ಬಿಳಿ ಚೀಲವನ್ನು ಉರುಟುರುಟಾಗಿ ಕೊಯ್ಯುತ್ತಾರೆ. ಮುಂದಿನ ಸಲ ಕೊಯ್ಯುವ ಮೊದಲು ಆ ಚೀಲವನ್ನು ಉದ್ದಕ್ಕೆ ಸೀಳಿ, ಒಳಮೈ ಮೇಲೆ ಬರುವಂತೆ ಹರಡಿ ನೋಡಿ. ತಲೆಯ ಕಡೆಯ ಅಂಚಿನ ಹತ್ತಿರ, ಎರಡೂ ಪಕ್ಕಕ್ಕೆ, ನಕ್ಷತ್ರದ ಆಕಾರದ ಒಂದೊಂದು ಸಣ್ಣ ಗಂಟು ಇರುತ್ತದೆ. ಅದರಿಂದ ಬಿಳಿ ಎಳೆಗಳು ಹೊರಟು ಮಾಂಸದೊಳಗೆ ಹೋಗುತ್ತವೆ. ನರದಲ್ಲಿ ಸುದ್ದಿ ಹೇಗೆ ಓಡುತ್ತದೆ ಎಂಬುದು ನಮಗೆ ತಿಳಿದದ್ದು ಇಂಥ ಎಳೆಗಳಿಂದಲೇ.

ನರಕೋಶದ ಚಿತ್ರವನ್ನು ಹೈಸ್ಕೂಲಿನಲ್ಲಿ ಎಲ್ಲರೂ ಬಿಡಿಸಿದ್ದೇವೆ. ಕೋಶದ ಮೈ, ಸುದ್ದಿ ತೆಗೆದುಕೊಳ್ಳುವ ಡೆಂಡ್ರೈಟುಗಳು, ಸುದ್ದಿ ಕಳಿಸುವ ಉದ್ದನೆಯ ಆಕ್ಸಾನ್. ನಮ್ಮ ಬೆನ್ನುಹುರಿಯ ಬುಡದಿಂದ ಹೊರಟ ಒಂದೇ ಕೋಶದ ಆಕ್ಸಾನ್ ಪಾದದವರೆಗೆ ಹೋಗುತ್ತದೆ. ಹತ್ತಿರ ಹತ್ತಿರ ಒಂದು ಮೀಟರ್ ಉದ್ದ! ದಪ್ಪ ಮಾತ್ರ ಕೂದಲಿಗಿಂತ ಕಡಿಮೆ. ಅದರೊಳಗೆ ತಂತಿ ತೂರಿಸಿ ಅಳೆಯಲು ಹೋದರೆ ಅದೇ ಹರಿದುಹೋಗುತ್ತದೆ. ಬೊಂಡಾಸಿನ ದೊಡ್ಡ ಆಕ್ಸಾನ್ ಹಾಗಲ್ಲ. ಯೂರೋಪಿನ ಕಡಲಿನ ಜಾತಿಗಳಲ್ಲಿ ಅದು ಅರ್ಧ ಮಿಲಿಮೀಟರ್, ಕೆಲವೊಮ್ಮೆ ಇನ್ನೂ ಜಾಸ್ತಿ ದಪ್ಪ ಇರುತ್ತದೆ. ದಪ್ಪ ಇದ್ದಷ್ಟೂ ಸುದ್ದಿ ಬೇಗ ಓಡುತ್ತದೆ. ದೊಡ್ಡ ಮೀನು ಬಾಯಿ ತೆರೆದು ಬಂದಾಗ ಇಡೀ ಚೀಲವನ್ನು ಒಮ್ಮೆಲೇ ಹಿಂಡಿ, ನೀರು ಚಿಮ್ಮಿಸಿ, ಹಿಂದಕ್ಕೆ ಹಾರಬೇಕಲ್ಲ!

ಆ ಎಳೆಗಳು ರಕ್ತನಾಳವಲ್ಲ, ನರ ಎಂದು 1936ರಲ್ಲಿ ತೋರಿಸಿದವರು ಪ್ರಾಣಿವಿಜ್ಞಾನಿ ಜೆ. ಝಡ್. ಯಂಗ್. 1939ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಅಲನ್ ಹಾಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಅದರೊಳಗೆ ವಿದ್ಯುದಗ್ರ ತೂರಿಸಿ ಅಳೆದರು. ಅಷ್ಟರಲ್ಲಿ ಮಹಾಯುದ್ಧ ಶುರುವಾಗಿ ಕೆಲಸ ನಿಂತಿತು. ನರದಲ್ಲಿ ಸುದ್ದಿ ಹೇಗೆ ಓಡುತ್ತದೆ ಎಂಬುದರ ಪೂರ್ತಿ ಲೆಕ್ಕ ಹೊರಬಂದದ್ದು 1952ರಲ್ಲಿ. ಆ ಲೆಕ್ಕ ಮಾಡುವ ಹೊತ್ತಿಗೆ ಕೇಂಬ್ರಿಜ್‌ನ ಕಂಪ್ಯೂಟರ್ ಸಿಗಲಿಲ್ಲ. ಹಕ್ಸ್‌ಲಿ ಕೈಯಲ್ಲಿ ಹಿಡಿಕೆ ತಿರುಗಿಸುವ ಯಂತ್ರದಲ್ಲೇ ವಾರಗಟ್ಟಲೆ ಕೂತು ಮುಗಿಸಿದರು. 1963ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ನನಗೆ ಇದಕ್ಕಿಂತ ಇಷ್ಟವಾದದ್ದು 1961ರ ಒಂದು ಪ್ರಯೋಗ. ಹಾಜ್‌ಕಿನ್ ಮತ್ತು ಜೊತೆಗಾರರು ಆಕ್ಸಾನಿನ ಮೇಲೆ ಸಣ್ಣ ರೋಲರ್ ಉರುಳಿಸಿ ಒಳಗಿನ ಲೋಳೆಯನ್ನು ಬಹುಪಾಲು ಹಿಂಡಿ ತೆಗೆದರು. ಖಾಲಿ ಸಿಪ್ಪೆಯೊಳಗೆ ಪೊಟ್ಯಾಸಿಯಂ ಇರುವ ನೀರು ತುಂಬಿದರು. ಹೊರಗೆ ಸಮುದ್ರದ ನೀರು. ಅಷ್ಟೇ. ನರ ಮತ್ತೆ ಮತ್ತೆ ಸುದ್ದಿ ಕಳಿಸಿತು! ಅಂದರೆ ವಿದ್ಯೆಯೆಲ್ಲ ಇರುವುದು ತೆಳ್ಳನೆಯ ಪೊರೆಯಲ್ಲಿ, ಅದರ ಎರಡೂ ಬದಿಯ ಉಪ್ಪುನೀರಿನಲ್ಲಿ.

ಹೊರಗೆ ಸೋಡಿಯಂ ಜಾಸ್ತಿ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರಗಳಲ್ಲಿ ಬಿಸಿಲಿಗೆ ಒಣಗಿ ಉಪ್ಪಾಗುವುದೂ ಅದೇ ಸೋಡಿಯಂ. ಒಳಗೆ ಪೊಟ್ಯಾಸಿಯಂ ಜಾಸ್ತಿ. ಪೊರೆಯಲ್ಲಿರುವ ಪಂಪುಗಳು ಮೂರು ಸೋಡಿಯಂ ಹೊರಗೆ ದೂಡಿ ಎರಡು ಪೊಟ್ಯಾಸಿಯಂ ಒಳಗೆ ಎಳೆಯುತ್ತಲೇ ಇರುತ್ತವೆ. ಈ ಪಂಪು ಮೊದಲು ಸಿಕ್ಕಿದ್ದು ಏಡಿಯ ಕಾಲಿನ ನರದಲ್ಲಿ, 1957ರಲ್ಲಿ, ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ. ಪೊಟ್ಯಾಸಿಯಂ ಸ್ವಲ್ಪ ಸ್ವಲ್ಪವೇ ಹೊರಗೆ ಸೋರುತ್ತಿರುವುದರಿಂದ ಒಳಬದಿ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ.

ಎಲ್ಲೋ ಒಂದು ಕಡೆ ಈ ವ್ಯತ್ಯಾಸ ಸಾಕಷ್ಟು ತಗ್ಗಿತು ಅನ್ನಿ. ಅಲ್ಲಿನ ಸೋಡಿಯಂ ಬಾಗಿಲುಗಳು ಪಟಕ್ಕನೆ ತೆರೆಯುತ್ತವೆ. ಸೋಡಿಯಂ ಒಳಗೆ ನುಗ್ಗುತ್ತದೆ. ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಬಾಗಿಲು ಮುಚ್ಚುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಪೊರೆ ಮೊದಲಿನ ಸ್ಥಿತಿಗೆ ಬರುತ್ತದೆ. ಅಷ್ಟರೊಳಗೆ ಪಕ್ಕದ ಬಾಗಿಲು ತೆರೆದಾಗಿದೆ. ದೀಪಾವಳಿಯ ಸರಪಟಾಕಿಯ ಹಾಗೆ: ಒಂದು ಸಿಡಿದು ಮುಂದಿನದಕ್ಕೆ ಕಿಡಿ ಕೊಡುತ್ತದೆ, ಕೊನೆಯದೂ ಮೊದಲಿನಷ್ಟೇ ಜೋರಾಗಿ ಸಿಡಿಯುತ್ತದೆ. ಪಟಾಕಿ ಒಂದೇ ಸಲ, ನರ ಮಾತ್ರ ಮತ್ತೆ ತಯಾರು. ಬೊಂಡಾಸಿನಲ್ಲಿ ಇದು ಸೆಕೆಂಡಿಗೆ ಇಪ್ಪತ್ತು ಮೀಟರ್ ಆಸುಪಾಸು ಓಡುತ್ತದೆ. ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುವ ನಮ್ಮ ದಪ್ಪ ನರಗಳಲ್ಲಿ ನೂರು ಮೀಟರ್.

ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣವಿದೆ. ಶಿರಸಿಯಾಗಲಿ ಅಂಕೋಲೆಯಾಗಲಿ, ಬಸ್‌ಸ್ಟ್ಯಾಂಡಿನಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಸಾಕು, ನಾಲ್ಕು ಜನ ಕೀ ಗೊಂಚಲು ಹಿಡಿದು ಓಡಿ ಬರುತ್ತಾರೆ. ಕಬ್ಬಿಣ ಕರೆಂಟನ್ನು ಎಳೆದುಕೊಳ್ಳುತ್ತದಂತೆ! ಫಿಟ್ಸ್ ಎಂದರೆ ಮೆದುಳಿನ ಅಸಂಖ್ಯ ನರಕೋಶಗಳು ಅಳತೆ ಮೀರಿ ಒಟ್ಟಿಗೇ ಸಿಡಿಯುವುದು. ಅಲ್ಲಿ ಆಗುತ್ತಿರುವುದು ಪೊರೆಯ ಆಚೆ ಈಚೆ ಉಪ್ಪಿನ ಕಣಗಳ ಓಡಾಟ. ಅಂಗೈಯಲ್ಲಿರುವ ಕೀ ಅದನ್ನು ಯಾವ ದಾರಿಯಲ್ಲಿ ಎಳೆಯಬೇಕು? ಹೆಚ್ಚಿನವರ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಕೀ ಹುಡುಕಿ ತರಲೂ ಅಷ್ಟೇ ಹೊತ್ತು ಬೇಕು. ಹೆಸರು ಮಾತ್ರ ಕೀಗೆ.

ಸುಮ್ನೆ ಕೈ ಬಿಗಿಹಿಡಿಯಬೇಡಿ, ಬಾಯಿಗೆ ಚಮಚ ತುರುಕಬೇಡಿ, ನೀರು ಕುಡಿಸಬೇಡಿ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಒಂದು ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಘಟ್ಟದ ಹಳ್ಳಿಗಳಿಗೆ ಆಂಬುಲೆನ್ಸ್ ಬರಲು ಹೊತ್ತಾಗುತ್ತದೆ, ಅಲ್ಲಿ ಐದು ನಿಮಿಷವನ್ನೂ ಕಾಯಬೇಕಿಲ್ಲ.

ನಿಜಕ್ಕೂ ಫಿಟ್ಸ್ ತಡೆಯುವ ವಸ್ತು ಮೆಡಿಕಲ್ ಶಾಪಿನಲ್ಲಿದೆ. ಫೆನಿಟಾಯಿನ್ ಮಾತ್ರೆ ಅದೇ ಸೋಡಿಯಂ ಬಾಗಿಲಿಗೆ ಅಂಟಿಕೊಂಡು, ಅದು ಪದೇ ಪದೇ ತೆರೆಯದಂತೆ ಹಿಡಿದಿಡುತ್ತದೆ. ವೈದ್ಯರು ಅದನ್ನು ಫಿಟ್ಸಿಗೆ ಕೊಡಲು ಶುರು ಮಾಡಿದ್ದು 1938ರಲ್ಲಿ. ಬೊಂಡಾಸಿನ ನರದೊಳಗೆ ವಿದ್ಯುದಗ್ರ ಹೋಗುವುದಕ್ಕೂ ಒಂದು ವರ್ಷ ಮೊದಲು.