ಪುಟ್ಟ ರಾಕ್ ಕ್ರಾಲರ್: ತೂಕ ಎಲ್ಲಿ ಕೂರಬೇಕು?

ರಾಕ್ ಕ್ರಾಲರ್ ಅಂದರೆ ಕಲ್ಲು ಬಂಡೆ ಹತ್ತೋಕೆ ಅಂತಲೇ ಮಾಡಿದ ರಿಮೋಟ್ ಗಾಡಿ. 1/24 ಅಳತೆಯ ಗಾಡಿಗೆ 10 ಸೆಂ.ಮೀ. ಎತ್ತರದ ಕಲ್ಲು ಅಂದರೆ ನಿಜವಾದ ಜೀಪಿಗೆ 2.4 ಮೀಟರ್ ಬಂಡೆ ಇದ್ದ ಹಾಗೆ. ಹೂಕುಂಡದ ಪಕ್ಕದ ನಾಲ್ಕು ಕಲ್ಲೇ ಅದಕ್ಕೆ ದೊಡ್ಡ ಬೆಟ್ಟ. ಆಕ್ಸಿಯಲ್ ಕಂಪನಿಯ ಎಸ್‌ಸಿಎಕ್ಸ್24 ಈ ಅಳತೆಯದು. ಟ್ರಾಕ್ಸಾಸ್ ಕಂಪನಿಯ ಟಿಆರ್‌ಎಕ್ಸ್-4ಎಂ 1/18, ಸ್ವಲ್ಪ ದೊಡ್ಡದು. ಗಾಡಿ ಯಾವುದೇ ಇರಲಿ, ಮೊದಲು ಏನನ್ನು ಬದಲಾಯಿಸಬೇಕು ಅನ್ನೋದೇ ಎಲ್ಲರ ಪ್ರಶ್ನೆ. ನಾನು ಮೊದಲು ಮೋಟಾರ್ ಬದಲಾಯಿಸಿದ್ದೆ. ನೆಲದ ಮೇಲೆ ಚೆನ್ನಾಗಿ ಓಡಿತು, ಆದರೆ ಕಲ್ಲು ಹತ್ತುವಾಗ ಮೊದಲು ಎಲ್ಲಿ ಹಿಂದಕ್ಕೆ ಉರುಳುತ್ತಿತ್ತೋ ಆಮೇಲೂ ಅಲ್ಲೇ ಉರುಳಿತು. ಆಗ ಕಾಗದ ಪೆನ್ಸಿಲ್ ಹಿಡಿದು ಕೂತೆ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗಾಡಿ ಯಾವಾಗ ಉರುಳುತ್ತದೆ?

ಗಾಡಿಯ ಇಡೀ ತೂಕ ಒಂದೇ ಬಿಂದುವಿನಲ್ಲಿ ಕೂತಿದೆ ಅಂದುಕೊಳ್ಳಿ. ಅದೇ ಗುರುತ್ವ ಕೇಂದ್ರ. ಏರು ಹತ್ತುವಾಗ ಈ ಬಿಂದು ಹಿಂದಿನ ಟೈರ್ ನೆಲ ಮುಟ್ಟುವ ಜಾಗವನ್ನು ದಾಟಿ ಹಿಂದಕ್ಕೆ ಹೋದರೆ ಗಾಡಿ ಮಗುಚುತ್ತದೆ. ಹಾಗಾಗಿ ಎರಡು ಅಳತೆ ಸಾಕು: ಹಿಂದಿನ ಆಕ್ಸಲ್‌ನಿಂದ (ಎಡ ಬಲ ಚಕ್ರಗಳನ್ನು ಸೇರಿಸುವ ಅಡ್ಡ ದಂಡದಿಂದ) ಆ ಬಿಂದು ಎಷ್ಟು ಮುಂದಿದೆ, ನೆಲದಿಂದ ಎಷ್ಟು ಎತ್ತರದಲ್ಲಿದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಉರುಳುವ ಕೋನದ ಟ್ಯಾನ್ (ತ್ರಿಕೋನಮಿತಿಯ tan) ಸಿಗುತ್ತದೆ.

ಲೆಕ್ಕಕ್ಕೆ ಸುಲಭವಾಗಲಿ ಅಂತ 350 ಗ್ರಾಂ ತೂಗುವ, ಎರಡು ಆಕ್ಸಲ್‌ಗಳ ನಡುವೆ 130 ಮಿ.ಮೀ. ಅಂತರ ಇರುವ ಗಾಡಿ ತಗೊಳ್ಳೋಣ. ಗುರುತ್ವ ಕೇಂದ್ರ ಸರಿಯಾಗಿ ನಡುವೆ, ಅಂದರೆ 65 ಮಿ.ಮೀ. ಮುಂದೆ ಇದೆ. ಎತ್ತರ 50 ಮಿ.ಮೀ. 65 ಭಾಗಿಸು 50, ಅಂದರೆ 1.3. ಕೋನ ಸುಮಾರು 52 ಡಿಗ್ರಿ.

ಈಗ ಮುಂದಿನ ಎರಡು ಚಕ್ರಗಳ ಒಳಗೆ 50 ಗ್ರಾಂನಂತೆ ಒಟ್ಟು 100 ಗ್ರಾಂ ಹಿತ್ತಾಳೆ ಹಾಕೋಣ. ಚಕ್ರದ ನಡುಭಾಗ ನೆಲದಿಂದ 25 ಮಿ.ಮೀ. ಎತ್ತರದಲ್ಲಿದೆ ಅಂತ ಇಟ್ಟುಕೊಂಡರೆ, ಗುರುತ್ವ ಕೇಂದ್ರ 50ರಿಂದ ಸುಮಾರು 44 ಮಿ.ಮೀ.ಗೆ ಇಳಿಯುತ್ತದೆ. ಜೊತೆಗೆ 65ರಿಂದ ಸುಮಾರು 79 ಮಿ.ಮೀ.ಗೆ ಮುಂದೆ ಸರಿಯುತ್ತದೆ. ಹೊಸ ಕೋನ ಸುಮಾರು 61 ಡಿಗ್ರಿ. ಎಂಟು ಡಿಗ್ರಿಗಿಂತ ಹೆಚ್ಚು ಸಿಕ್ಕಿತು, ಮೋಟಾರ್ ಮುಟ್ಟದೆ!

ಅದೇ 100 ಗ್ರಾಂ ಅನ್ನು ಗಾಡಿಯ ನಡುವೆ ಮೇಲೆ, 80 ಮಿ.ಮೀ. ಎತ್ತರದಲ್ಲಿ ಲೋಹದ ಕ್ಯಾರಿಯರ್ ರೂಪದಲ್ಲಿ ಇಟ್ಟರೆ? ಕೋನ ಸುಮಾರು 49 ಡಿಗ್ರಿಗೆ ಬೀಳುತ್ತದೆ, ಏನೂ ಹಾಕದ ಗಾಡಿಗಿಂತ ಕಡಿಮೆ. ನೋಡೋಕೆ ಚೆಂದ ಅಂತ ಮೇಲೆ ಹೇರುವ ಪ್ರತಿ ಗ್ರಾಂಗೂ ಹೀಗೇ ಬೆಲೆ ಕಟ್ಟಬೇಕಾಗುತ್ತದೆ.

ಇನ್ನೊಂದು ಲಾಭವೂ ಇದೆ. 45 ಡಿಗ್ರಿ ಏರಿನಲ್ಲಿ ಮೊದಲಿನ ಗಾಡಿಯ ಮುಂದಿನ ಟೈರ್‌ಗಳ ಮೇಲೆ ಇರುವ ಒತ್ತಡ ಒಟ್ಟು ಒತ್ತಡದ 12 ಶೇಕಡಾದಷ್ಟು ಮಾತ್ರ. ಹಿತ್ತಾಳೆ ಹಾಕಿದ ಮೇಲೆ ಸುಮಾರು 27 ಶೇಕಡಾ. ಮುಂದಿನ ಟೈರ್ ಕಲ್ಲನ್ನು ಕಚ್ಚಿ ಹಿಡಿಯೋದು ಇದರಿಂದಲೇ.

ಚಕ್ರವೇ ಯಾಕೆ? ಚಕ್ರ ಮತ್ತು ಆಕ್ಸಲ್ ಸ್ಪ್ರಿಂಗ್‌ನ ಕೆಳಗಿವೆ. ಅಲ್ಲಿ ಹಾಕಿದ ತೂಕ ಸ್ಪ್ರಿಂಗನ್ನು ಅದುಮುವುದಿಲ್ಲ, ಓರೆಯಾಗಿ ನಿಂತಾಗ ಬಾಡಿಯನ್ನು ಇಳಿಜಾರಿನ ಕಡೆಗೆ ವಾಲಿಸುವುದೂ ಇಲ್ಲ. ಹಿತ್ತಾಳೆಯನ್ನೇ ಆರಿಸೋದಕ್ಕೆ ಕಾರಣ ಅದರ ಸಾಂದ್ರತೆ. ಒಂದು ಘನ ಸೆಂ.ಮೀ. ಹಿತ್ತಾಳೆ ಸುಮಾರು 8.5 ಗ್ರಾಂ ತೂಗುತ್ತದೆ, ಅಲ್ಯೂಮಿನಿಯಂ ಬರೀ 2.7 ಗ್ರಾಂ. ಬಣ್ಣದ ಅಲ್ಯೂಮಿನಿಯಂ ಭಾಗಗಳು ಗಟ್ಟಿ, ನಿಜ. ಆದರೆ ತೂಕದ ಕೆಲಸಕ್ಕೆ ಬರೋದಿಲ್ಲ.

ಹಾಗಂತ ಸುಮ್ನೆ ತುಂಬುತ್ತಾ ಹೋಗಬೇಡಿ. ಇಷ್ಟು ಚಿಕ್ಕ ಗಾಡಿಯ ಗೇರ್, ಶಾಫ್ಟ್‌ಗಳಿಗೆ ಒಂದು ಮಿತಿ ಇದೆ. ಮೊದಲು ಮುಂದಿನ ಚಕ್ರಗಳಿಗೆ ಹಾಕಿ, ಓಡಿಸಿ ನೋಡಿ. ಹಿಂದಿನ ಚಕ್ರಗಳಿಗೆ ಬೇಕಾದರೆ ಆಮೇಲೆ, ಅದೂ ಕಡಿಮೆ.

ಟೈರ್ ಒಳಗಿನ ಸ್ಪಂಜು

ಗಾಡಿ ಹಗುರ, ಸ್ಪಂಜು ಗಟ್ಟಿ. ಹಾಗಾಗಿ ಟೈರ್ ಕಲ್ಲಿನ ಮೇಲೆ ಚಪ್ಪಟೆಯಾಗದೆ ಗುಂಡಗೇ ನಿಲ್ಲುತ್ತದೆ. ಟೈರ್ ಅಂಟಿಸದೆ ಸ್ಕ್ರೂ ಹಾಕಿ ಹಿಡಿಸಿದ ರಿಮ್ ಆದರೆ ಕೆಲಸ ಸುಲಭ. ರಿಮ್ ಬಿಚ್ಚಿ, ಸ್ಪಂಜಿನ ಹೊರ ಅಂಚಿನಲ್ಲಿ ಕತ್ತರಿಯಿಂದ ಅಲ್ಲಲ್ಲಿ ಸಣ್ಣ ತ್ರಿಕೋನಗಳನ್ನು ಕತ್ತರಿಸಿ ತೆಗೆಯಿರಿ. ಗಾಡಿಯನ್ನು ನೆಲಕ್ಕಿಟ್ಟಾಗ ಟೈರಿನ ಪಕ್ಕ ಸ್ವಲ್ಪ ಉಬ್ಬಿದರೆ ಸಾಕು. ಕತ್ತರಿಸಿದ್ದನ್ನು ಮತ್ತೆ ಸೇರಿಸೋಕೆ ಆಗಲ್ಲ ಅಲ್ವಾ, ಅದಕ್ಕೇ ಸ್ವಲ್ಪ ಸ್ವಲ್ಪವೇ ಮಾಡಿ.

ವಾಪಸ್ ಜೋಡಿಸುವಾಗ ಒಂದು ಮಾತು. ಪ್ಲಾಸ್ಟಿಕ್‌ನೊಳಗೆ ಕೂರುವ ಸ್ಕ್ರೂವನ್ನು ಮೊದಲು ನಿಧಾನಕ್ಕೆ ಹಿಂದಕ್ಕೆ, ಅಂದರೆ ಬಿಚ್ಚುವ ಕಡೆಗೆ ತಿರುಗಿಸಿ. ಒಂದು ಕಡೆ ಅದು "ಟಿಕ್" ಅಂತ ಕೆಳಗೆ ಇಳಿದಂತೆ ಬೆರಳಿಗೆ ಗೊತ್ತಾಗುತ್ತದೆ. ಹಳೆಯ ಮರೆಗೆ (ಸ್ಕ್ರೂ ಮೊದಲೇ ಕೊರೆದ ಸುರುಳಿ ಗೆರೆಗೆ) ಅದು ಸೇರಿತು ಅಂತ ಅರ್ಥ. ಈಗ ಮುಂದಕ್ಕೆ ತಿರುಗಿಸಿ, ತಲೆ ಮುಟ್ಟಿದ ಕೂಡಲೇ ನಿಲ್ಲಿಸಿ. ಇಲ್ಲವಾದರೆ ಸ್ಕ್ರೂ ಪ್ರತಿ ಸಲ ಹೊಸ ಮರೆ ಕೊರೆಯುತ್ತದೆ, ನಾಲ್ಕೈದು ಸಲಕ್ಕೆ ತೂತು ಸಡಿಲವಾಗುತ್ತದೆ. ಸ್ಕ್ರೂ ಬಿಗಿಸುವ ಅಂಟು ಲೋಹಕ್ಕೆ ಲೋಹ ಸೇರುವಲ್ಲಿ ಮಾತ್ರ. ಪ್ಲಾಸ್ಟಿಕ್‌ಗೆ ತಾಗಿದರೆ ಅದು ಬಿರುಕು ಬಿಡಬಹುದು.

ಸರ್ವೋ

ಮುಂದಿನ ಚಕ್ರ ಭಾರವಾದ ಮೇಲೆ ಅದನ್ನು ತಿರುಗಿಸುವ ಸರ್ವೋಗೆ ಕೆಲಸ ಜಾಸ್ತಿ. ಒಳಗೆ ಪ್ಲಾಸ್ಟಿಕ್ ಗೇರ್ ಇದ್ದರೆ, ಕಲ್ಲಿನ ಸಂದಿಯಲ್ಲಿ ಟೈರ್ ಸಿಕ್ಕಿಕೊಂಡಾಗ ಹಲ್ಲು ಮುರಿಯುತ್ತದೆ. ಲೋಹದ ಗೇರ್ ಇರುವ ಮೈಕ್ರೋ ಸರ್ವೋ ಹಾಕಿ. ಅಳತೆ ಮತ್ತು ವೋಲ್ಟೇಜ್ ಎರಡೂ ಹೊಂದಬೇಕು. ಮೊದಲು ರಿಮೋಟ್, ಆಮೇಲೆ ಗಾಡಿ ಆನ್ ಮಾಡಿ, ಟ್ರಿಮ್ (ಚಕ್ರ ನೇರ ನಿಲ್ಲಿಸೋಕೆ ರಿಮೋಟಿನಲ್ಲಿರುವ ಸಣ್ಣ ಹೊಂದಾಣಿಕೆ) ಸೊನ್ನೆಗೆ ತಂದು, ಸರ್ವೋ ನಡುವಿಗೆ ಬಂದ ಮೇಲೆಯೇ ಅದರ ತೋಳನ್ನು ಸಿಕ್ಕಿಸಿ. ಆಮೇಲೆ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಕಿವಿಗೊಡಿ. ತುದಿಯಲ್ಲಿ ಗುಂಯ್ ಅಂತ ಸದ್ದು ನಿಲ್ಲದೆ ಬರುತ್ತಿದ್ದರೆ ಸರ್ವೋ ಮುಂದೆ ಹೋಗಲಾಗದೆ ತಳ್ಳುತ್ತಲೇ ಇದೆ ಅಂತ. ರಿಮೋಟಿನಲ್ಲಿ ತಿರುಗುವ ಮಿತಿ ಕಡಿಮೆ ಮಾಡಿ. ಹಾಗೇ ಬಿಟ್ಟರೆ ಬಿಸಿಯಾಗಿ ಸುಟ್ಟುಹೋಗುತ್ತದೆ.

ಸ್ಪ್ರಿಂಗ್ ವಿಷಯ ಚಿಕ್ಕದು. ಒಂದು ಮುಂದಿನ ಚಕ್ರದ ಕೆಳಗೆ ಮರದ ತುಂಡು ಇಡಿ. ಉಳಿದ ಮೂರೂ ನೆಲದಲ್ಲೇ ಇದ್ದರೆ ಸರಿ. ಒಂದು ಎದ್ದರೆ ಮೆತ್ತನೆಯ ಸ್ಪ್ರಿಂಗ್ ಬೇಕು.

ಬ್ಯಾಟರಿಯೂ ತೂಕವೇ. ಜಾಗ ಇದ್ದರೆ ಅದನ್ನು ಕೆಳಕ್ಕೆ, ಮುಂದಕ್ಕೆ ಸರಿಸಿ. ಇದಕ್ಕೆ ಖರ್ಚೇ ಇಲ್ಲ. ಎರಡು ಸೆಲ್‌ಗಳ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್. ಒಂದೊಂದು ಸೆಲ್ 3 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಕೆಲವು ವಾರ ಓಡಿಸದಿದ್ದರೆ ಸೆಲ್‌ಗೆ ಸುಮಾರು 3.8 ವೋಲ್ಟ್ ಇರುವಂತೆ ಇಡಿ.

ಅಳೆಯೋದು ಹೇಗೆ?

ಒಂದು ಹಲಗೆ, ಕೋನ ತೋರಿಸುವ ಫೋನ್ ಸಾಕು. ಗಾಡಿ ಜಾರದಂತೆ ಹಿಂದಿನ ಟೈರ್‌ಗಳ ಹಿಂದೆ ತೆಳುವಾದ ಪಟ್ಟಿ ಅಂಟಿಸಿ. ಚಕ್ರ ಉರುಳದಂತೆ ಗಾಡಿ ಆನ್ ಇರಲಿ, ಆಗ ಮೋಟಾರೇ ಬ್ರೇಕ್ ಹಿಡಿದಿರುತ್ತದೆ. ಹಲಗೆಯ ಮುಂದಿನ ತುದಿಯನ್ನು ನಿಧಾನವಾಗಿ ಎತ್ತಿ. ಹಿಂದೆ ಒಂದು ಕೈ ಅಡ್ಡ ಇರಲಿ. ಮುಂದಿನ ಟೈರ್ ಹಲಗೆ ಬಿಟ್ಟ ಕ್ಷಣದ ಕೋನ ಬರೆದುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಅಳೆಯಿರಿ. ನನ್ನ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಇವೆ: ಏನು ಬದಲಾಯಿಸಿದೆ, ಎಷ್ಟು ಗ್ರಾಂ, ಎಷ್ಟು ಡಿಗ್ರಿ.