ಮಲೇರಿಯಾ ಮದ್ದನ್ನು ಯಾರ ರಕ್ತದಲ್ಲಿ ಪರೀಕ್ಷಿಸಬೇಕು?

ಹೊಸ ರಾಸಾಯನಿಕವೊಂದು ಮಲೇರಿಯಾಕ್ಕೆ ಮದ್ದಾದೀತೇ ಎಂದು ನೋಡಲು ಮೊದಲು ಜೀವಂತ ಮಲೇರಿಯಾ ರೋಗಾಣು ಬೇಕು. ಮನುಷ್ಯರನ್ನು ಕಾಡುವ ರೋಗಾಣುವನ್ನು ಪ್ರಯೋಗಾಲಯದಲ್ಲಿ ಸತತವಾಗಿ ಬೆಳೆಸುವುದು ದಶಕಗಳ ಕಾಲ ಯಾರಿಗೂ ಸಾಧ್ಯವಾಗಲಿಲ್ಲ. ಹಾಗಾಗಿ 1920ರ ದಶಕದಲ್ಲಿ ಜರ್ಮನಿಯ ಬೇಯರ್ ಕಂಪನಿಯ ವಿಜ್ಞಾನಿಗಳು ಕ್ಯಾನರಿ ಹಕ್ಕಿಗಳಿಗೆ ಹಕ್ಕಿಗಳ ಮಲೇರಿಯಾ ತಗುಲಿಸಿ, ಅವುಗಳಿಗೆ ಮದ್ದು ಕೊಟ್ಟು ನೋಡಿದರು. ಪ್ಲಾಸ್ಮೋಕಿನ್ ಎಂಬ ಮದ್ದು ಸಿಕ್ಕಿದ್ದು ಹೀಗೆ. 1934ರಲ್ಲಿ ಅಲ್ಲೇ ತಯಾರಾದ ಇನ್ನೊಂದು ಸಂಯುಕ್ತ, ವಿಷದ ಅಂಶ ಹೆಚ್ಚೆಂಬ ಕಾರಣಕ್ಕೆ ಮೂಲೆ ಸೇರಿತು. ಎರಡನೇ ಮಹಾಯುದ್ಧದಲ್ಲಿ ಜಾವಾ ಜಪಾನಿನ ವಶವಾಗಿ, ಅಲ್ಲಿನ ಸಿಂಕೋನಾ ಮರದ ತೊಗಟೆಯಿಂದ ಬರುತ್ತಿದ್ದ ಮಲೇರಿಯಾ ಮದ್ದು ಕ್ವಿನೈನ್ ಸಿಗದಂತಾದಾಗ ಅಮೆರಿಕ 14 ಸಾವಿರದಷ್ಟು ಸಂಯುಕ್ತಗಳನ್ನು ಪರೀಕ್ಷೆಗೆ ಒಡ್ಡಿತು. ಬಾತುಕೋಳಿ, ಕೋಳಿಮರಿಗಳೇ ಹೆಚ್ಚಾಗಿ ಬಳಕೆಯಾದವು. ಮೂಲೆಗೆ ಬಿದ್ದಿದ್ದ ಆ ಸಂಯುಕ್ತದ ಯೋಗ್ಯತೆ ಆಗ ತಿಳಿಯಿತು. ಅದೇ ಕ್ಲೋರೋಕ್ವಿನ್.

ಹಕ್ಕಿಗಳ ನಂತರ ಇಲಿಗಳು ಬಂದವು. ಚೀನಾದ ತು ಯೂಯೂ ತಂಡ 1971ರಲ್ಲಿ ಈಥರ್ ಬಳಸಿ ತೆಗೆದ ಗಿಡದ ಸಾರ, ಇಲಿಗಳಲ್ಲಿ ರೋಗಾಣುವನ್ನು ಪೂರ್ತಿ ಅಡಗಿಸಿತು. ಆರ್ಟಿಮಿಸಿನಿನ್ ಎಂಬ ಮದ್ದು ಬಂದದ್ದು ಅಲ್ಲಿಂದ.

ನಿಜವಾದ ತಿರುವು 1976ರದು ಎಂಬುದು ನನ್ನ ಅಭಿಪ್ರಾಯ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಟ್ರೇಗರ್ ಮತ್ತು ಜೇಮ್ಸ್ ಜೆನ್ಸನ್ ಮನುಷ್ಯರ ಕೆಂಪು ರಕ್ತಕಣಗಳಲ್ಲೇ, ಅತ್ಯಂತ ಮಾರಕ ಮಲೇರಿಯಾ ತರುವ ಫಾಲ್ಸಿಪಾರಂ ರೋಗಾಣುವನ್ನು ಸತತವಾಗಿ ಬೆಳೆಸಿದರು. ಈ ರೋಗಾಣುವಿಗೆ ಆಮ್ಲಜನಕ ಕಡಿಮೆಯಿರಬೇಕು. ಅದಕ್ಕೆ ಅವರು ಬಳಸಿದ ಉಪಾಯ ಎಷ್ಟು ಸರಳ! ತಟ್ಟೆಗಳನ್ನು ಗಾಜಿನ ಜಾಡಿಯಲ್ಲಿಟ್ಟು, ಒಳಗೊಂದು ಮೇಣದಬತ್ತಿ ಹಚ್ಚಿ, ಅದು ಆರುವ ಹೊತ್ತಿಗೆ ಜಾಡಿಯನ್ನು ಮುಚ್ಚಿಬಿಡುವುದು. ಬಡ ದೇಶಗಳ ಪ್ರಯೋಗಾಲಯಗಳಿಗೂ ಇದು ಕೈಗೆಟುಕಿತು. ಸಂಯುಕ್ತವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಎರಡು ಮೂರು ದಿನ ಬಿಟ್ಟು, ಎಷ್ಟು ಪ್ರಮಾಣಕ್ಕೆ ಬೆಳವಣಿಗೆ ಅರ್ಧಕ್ಕಿಳಿಯಿತು ಎಂದು ಅಳೆಯುವುದು ವಾಡಿಕೆಯಾಯಿತು. ಮುಂದೆ ಈ ಕೆಲಸ ಯಂತ್ರಗಳ ಪಾಲಾಯಿತು. ಗ್ಲಾಕ್ಸೋ ಸ್ಮಿತ್‌ಕ್ಲೈನ್ ಸುಮಾರು 20 ಲಕ್ಷ ಸಂಯುಕ್ತಗಳನ್ನು ಜರಡಿ ಹಿಡಿದು, ರೋಗಾಣುವನ್ನು ತಡೆದ 13 ಸಾವಿರಕ್ಕೂ ಹೆಚ್ಚಿನವುಗಳ ರಚನೆಯನ್ನು 2010ರಲ್ಲಿ ಎಲ್ಲರಿಗೂ ಮುಕ್ತವಾಗಿಸಿತು. ಔಷಧ ಕಂಪನಿಗಳು ಸಾಮಾನ್ಯವಾಗಿ ಬಚ್ಚಿಡುವ ಮಾಹಿತಿಯಿದು.

ಆದರೆ ಈ ತಟ್ಟೆಯಲ್ಲಿ ಕಾಣುವುದು ರಕ್ತದಲ್ಲಿರುವ ಫಾಲ್ಸಿಪಾರಂ ಮಾತ್ರ. ಮಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ವೈವಾಕ್ಸ್ ಎಂಬ ಇನ್ನೊಂದು ಮಲೇರಿಯಾ ರೋಗಾಣು ಎಳೆಯ ರಕ್ತಕಣಗಳನ್ನೇ ಹುಡುಕುತ್ತದೆ. ಅದನ್ನು ಹೀಗೆ ಸತತವಾಗಿ ಬೆಳೆಸಲು ಇನ್ನೂ ಆಗಿಲ್ಲ. ಅದು ಯಕೃತ್ತಿನಲ್ಲಿ ಅಡಗಿ ಕುಳಿತು, ತಿಂಗಳುಗಳ ನಂತರ ಮತ್ತೆ ಜ್ವರ ತರುತ್ತದೆ. ಅಡಗಿದ ರೋಗಾಣುವನ್ನು ಕೊಲ್ಲುವ ಪ್ರೈಮಾಕ್ವಿನ್, ಟಾಫೆನೋಕ್ವಿನ್ ಎರಡೂ ಪ್ಲಾಸ್ಮೋಕಿನ್ ಮನೆತನದವೇ. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಕಿಣ್ವದ ಕೊರತೆ ಇರುವವರಲ್ಲಿ ಇವು ರಕ್ತಕಣಗಳನ್ನೇ ಒಡೆಯಬಲ್ಲವು. ಆದ್ದರಿಂದ ಯಕೃತ್ತಿನ ಜೀವಕೋಶಗಳಲ್ಲಿ ಸಂಯುಕ್ತಗಳನ್ನು ಪರೀಕ್ಷಿಸುವ ವಿಧಾನಗಳ ಮೇಲೆ ಈಗ ಕೆಲಸ ನಡೆಯುತ್ತಿದೆ.